ಗಾಳಿಯಕ್ಕನ ಸೀಮೆಸುಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈರಂಗಡಿಯ ಷಟರು ಅರ್ಧ ಎದ್ದಿದೆ. ಅದರ ಮುಂದೆ ಮಂಡಿಯೂರಿ ಕೂತ ಹೆಂಗಸು, ಕಾರಿನ ಮುಂದಿನ ಟೈರಿಗೆ ಅಡ್ಡಲಾಗಿ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆಯುತ್ತಾಳೆ. ಈ ಅಂಚಿನಿಂದ ಆ ಅಂಚಿಗೆ, ಎಲ್ಲೂ ತುಂಡಾಗದ ಹಾಗೆ. ಬೀದಿಯವರು ಈಕೆಯನ್ನು ಕರೆಯುವುದು ಗಾಳಿಯಕ್ಕ ಎಂದು.

"ಸ್ಟಾರ್ಟ್ ಮಾಡು. ಆ ಕಂಬದ ತನಕ ನೆಟ್ಟಗೆ ಹೋಗಿ ನಿಲ್ಸು. ಸ್ಟೇರಿಂಗ್ ಅಲ್ಲಾಡ್ಸಿದ್ರೆ ಕೈ ಮುರೀತೀನಿ" ಎಂದು ತಮ್ಮನಿಗೆ ಹೇಳುತ್ತಾಳೆ.

"ಬೆಳಗಾಗೆದ್ದು ಬೈಗುಳ ಬೇಕಿತ್ತಾ ನಂಗೆ?" ಎನ್ನುತ್ತಾನೆ ಅವನು. ನಗಲು ನೋಡುತ್ತಾನೆ, ನಗು ಬರುವುದಿಲ್ಲ.

ಅಂಗಡಿಯ ಬೆಂಚಿನ ಮೇಲೆ ಅಪ್ಪ ಕೂತಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಇಷ್ಟು ಚಳಿಯಲ್ಲೂ ಅದು ಬೆವರಿಗೆ ಬೆನ್ನಿಗಂಟಿದೆ. ಅದನ್ನು ಯಾರೂ ಗಮನಿಸುವುದಿಲ್ಲ.

ಇವತ್ತು ಹಳೇ ಕಾರುಗಳನ್ನು ಸಾಕಿಕೊಂಡವರೆಲ್ಲ ಸಾಲಾಗಿ ಬೆಟ್ಟದ ರಸ್ತೆ ಹತ್ತಿ ಇಳಿಯುವ ದಿನ. ಇಳಿಜಾರಿನಲ್ಲಿ ತಿರುವಿನ ಮೇಲೆ ತಿರುವು, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ತಮ್ಮ ಓಡಿಸುತ್ತಾನೆ, ಪಕ್ಕದಲ್ಲಿ ಅಪ್ಪ ಕೂರುತ್ತಾರೆ. ಅವರಿಬ್ಬರ ಜೀವ ನಿಂತಿರುವುದು ನಾಲ್ಕು ಟೈರಿನ ಮೇಲೆ. ಟೈರೆಂದರೆ ಕರೀ ರಬ್ಬರು, ಒಳಗೆ ಗಾಳಿ, ಅಷ್ಟೇ ತಾನೆ ಎನ್ನುವವರು ಒಂದು ಬೆಳಗ್ಗೆ ಈ ಬೆಂಚಿನ ಮೇಲೆ ಬಂದು ಕೂರಬೇಕು.

ಹಳೆಯ ಕಾರನ್ನು ಕೊಯ್ದು, ಬಾನೆಟ್ಟು, ಮಡ್‌ಗಾರ್ಡು ಕಿತ್ತೆಸೆದು, ಒಳಗೆ ದೊಡ್ಡ ಎಂಜಿನ್ನು ಕೂರಿಸಿ ಓಡಿಸುವ ಗಾಡಿಗೆ ಹಾಟ್ ರಾಡ್ ಎನ್ನುತ್ತಾರೆ. ತಮ್ಮ ಕೊಯ್ದದ್ದು ಗುಜರಿಯಿಂದ ತಂದ ಕಾರನ್ನಲ್ಲ. ಅಪ್ಪ ಬಾಡಿಗೆಗೆ ಓಡಿಸಿ ಮಕ್ಕಳನ್ನು ಸಾಕಿದ ಕಾರನ್ನು. "ಇಟ್ಕೋ ಅಂತ ಕೊಟ್ಟೆ, ಕೊಯ್ಕೋ ಅಂತ ಅಲ್ಲ" ಎಂದು ಅಂದೇ ಮುಖ ತಿರುಗಿಸಿದ ಅಪ್ಪ ಆಮೇಲೆ ಮಗನ ಜೊತೆ ಮಾತಾಡಿಲ್ಲ, ಆ ಕಾರಿನ ಮೇಲೆ ಕೈಯಿಟ್ಟಿಲ್ಲ.

ಅವರನ್ನು ಕರಗಿಸಿದ್ದು ಟೈರು. ಅಪ್ಪನ ಕಾಲದಲ್ಲಿದ್ದ ಹಾಗೆ ಅಗಲ ಬಿಳಿಪಟ್ಟಿಯ ಟೈರೇ ಬೇಕೆಂದು ತಮ್ಮ ಹಟ ಹಿಡಿದಿದ್ದ. ಯಾವುದೋ ಗೋದಾಮಿನಲ್ಲಿ ಮೂಲೆ ಸೇರಿದ್ದ ಹಳೇ ನಮೂನೆಯ ಜೋಡಿಯೊಂದನ್ನು ಹೊತ್ತು ತಂದಿದ್ದ. ಮುಂದಕ್ಕೆ ಅವು, ಹಿಂದಕ್ಕೆ ಈಗಿನ ಕಾಲದ ರೇಡಿಯಲ್ ಟೈರು ಎಂಬುದು ಅವನ ಲೆಕ್ಕ. ಗಾಳಿಯಕ್ಕ ಆ ಜೋಡಿಯನ್ನು ರಸ್ತೆಗೆ ಉರುಳಿಸಿಬಿಟ್ಟಳು.

"ಮುಂದೊಂದು ಜಾತಿ, ಹಿಂದೊಂದು ಜಾತಿ ಹಾಕಿದ್ರೆ ತಿರುವಲ್ಲಿ ಮುಂದಿನವು ಒಂದು ಕಡೆ ಎಳೀತವೆ, ಹಿಂದಿನವು ಇನ್ನೊಂದು ಕಡೆ. ನಾಲ್ಕೂ ರೇಡಿಯಲ್ಲೇ ಆಗ್ಬೇಕು. ಮುಖ ಹಳೇದಿರ್ಲಿ, ಮೈ ಹೊಸದಿರ್ಲಿ."

ಅಂಥದ್ದು ಸಿಗುತ್ತದೆ. ನೋಡಲು ಅಜ್ಜನ ಕಾಲದ್ದು, ಅದೇ ಬಿಳಿಪಟ್ಟಿ, ಅದೇ ಕಚ್ಚಿನ ವಿನ್ಯಾಸ, ಒಳಗೆ ಉಕ್ಕಿನ ಎಳೆ ಸುತ್ತಿದ ರೇಡಿಯಲ್. ತರಿಸಲು ತಿಂಗಳುಗಟ್ಟಲೆ ಹಿಡಿಯಿತು. ಹಳೇ ರಿಮ್ಮು ಈ ಟೈರಿನ ಎಳೆತ ತಾಳದೆ ಬಿರುಕು ಬಿಡುತ್ತದೆಂದು ಅವನ್ನೂ ಬದಲಾಯಿಸಿದಳು. ಕೂಡಿಸಿದ ದಿನ ಅಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಭಾನುವಾರ ನಾನೂ ಬರ್ತೀನಂತ ಹೇಳು ಅವನಿಗೆ" ಎಂದು ಮಗಳಿಗೆ ಹೇಳಿ ಹೋದರು. ಅವನು ಎರಡು ಮಾರು ದೂರದಲ್ಲೇ ನಿಂತಿದ್ದ.

ಗಾಳಿಯಕ್ಕ ಈ ಕೆಲಸಕ್ಕೆ ಆಸೆಪಟ್ಟು ಬಂದವಳಲ್ಲ. ಅಂಗಡಿ ಗಂಡನದು. ಲಾರಿ ಚಕ್ರಕ್ಕೆ ಗಾಳಿ ತುಂಬುವಾಗ ಅದರ ಉಕ್ಕಿನ ಬಳೆ ಸಿಡಿದು ಗಂಡನ ಬಲಗೈ ಮುರಿಯಿತು. ಕೈ ಕೂಡಿತು, ಬಲ ಬರಲಿಲ್ಲ. ಕೈ ಮುರಿದ ಮಾರನೇ ವಾರವೇ ಈಕೆ ಸೆರಗು ಸಿಕ್ಕಿಸಿ ಟೈರು ಬಿಚ್ಚುವ ಮೀಟುಗೋಲು ಎತ್ತಿದ್ದಳು. ಬಂದವರೆಲ್ಲ "ಯಜಮಾನ್ರಿಲ್ವಾ?" ಎನ್ನುತ್ತಿದ್ದರು. "ಇದಾರೆ, ಒಳಗೆ ಅನ್ನ ಮಾಡ್ತಿದಾರೆ. ಊಟಕ್ಕೆ ಬಂದ್ರಾ, ಟೈರಿಗೆ ಬಂದ್ರಾ?" ಎನ್ನುತ್ತಿದ್ದಳು. ಅಂದಿನಿಂದ ಗಾಳಿಯೆಂದರೆ ಅವಳಿಗೆ ಆಟವಲ್ಲ. ಅಳೆಯುವುದೂ ನಸುಕಿನಲ್ಲೇ. ಓಡಿ ಬಿಸಿಯಾದ ಟೈರು ಸುಳ್ಳು ಹೇಳುತ್ತದೆ.

ಕಾರು ಕಂಬದ ಬಳಿ ನಿಂತಿದೆ. ಗಾಳಿಯಕ್ಕ ನಡೆದುಹೋಗಿ ಟೈರಿನ ಮುಂದೆ ಬಗ್ಗುತ್ತಾಳೆ. ಮುಖ ಬಿಗಿಯುತ್ತದೆ. ಗೆರೆ ನಡುವೆ ಮಾತ್ರ ಅಳಿಸಿದೆ. ಎರಡೂ ಅಂಚಿನಲ್ಲಿ ಸುಣ್ಣ ಹಾಗೇ ಇದೆ. ಅಂದರೆ ಗಾಳಿ ಅತಿಯಾಗಿ, ಟೈರು ಉಬ್ಬಿ, ನಡುವಿನ ಪಟ್ಟಿಯಷ್ಟೇ ನೆಲ ಮುಟ್ಟುತ್ತಿದೆ. ಈ ಸ್ಥಿತಿಯಲ್ಲಿ ಬೆಟ್ಟ ಇಳಿದರೆ ಸ್ಟೇರಿಂಗ್ ತಿರುಗಿಸಿದರೂ ಕಾರು ನೆಟ್ಟಗೇ ಜಾರುತ್ತದೆ. ಗಾಳಿ ಅಳೆಯುವ ಗೇಜು ಒತ್ತುತ್ತಾಳೆ. ನಿನ್ನೆ ನಸುಕಿನಲ್ಲಿ ಇಪ್ಪತ್ತೆರಡಕ್ಕೆ ನಿಲ್ಲಿಸಿದ್ದ ಮುಳ್ಳು ಮೂವತ್ತೈದು ತೋರಿಸುತ್ತದೆ.

"ಯಾರೋ ಮುಟ್ಟಿದ್ದು ಇದನ್ನ?"

"ನಾನಲ್ಲ."

"ನೀನಲ್ದೆ ನಿಮ್ಮಜ್ಜ ಎದ್ದು ಬಂದ್ನಾ? ಟೈರು ಹೊಟ್ಟೆ ಬಿಟ್ಟಿದೆ, ಜನ ನಗ್ತಾರೆ ಅಂತ ನಿನ್ನೆ ಗೊಣಗಿದ್ಯಾರು?"

"ಗೊಣಗಿದೆ ಕಣಕ್ಕಾ, ತುಂಬ್ಲಿಲ್ಲ! ಆಣೆ ಬೇಕಾದ್ರೂ ಇಡ್ತೀನಿ."

"ನಿನ್ನ ಆಣೆಗೆ ಬೆಂಕಿ ಬೀಳ. ಕೀ ಕೊಡಿಲ್ಲಿ. ಗಾಡಿ ಎಲ್ಲಿಗೂ ಹೋಗಲ್ಲ."

ತಮ್ಮ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಾನೆ. ಅಕ್ಕ ಅವನ ಮಣಿಕಟ್ಟು ಹಿಡಿಯುತ್ತಾಳೆ. ಇಬ್ಬರ ಕಣ್ಣೂ ಕೆಂಡ. ಆಗ ಹಿಂದಿನಿಂದ ದನಿ ಬರುತ್ತದೆ.

"ಅವನನ್ನ ಬಿಡೇ. ನಾನೇ ಹಾಕಿದ್ದು."

ಅಪ್ಪ ಎದ್ದು ಬಂದಿದ್ದಾರೆ. ಕೈಯಲ್ಲಿ ಬಾಡಿಗೆ ಕಾರಿನ ಕಾಲದ ಕಾಲುಪಂಪು. ಎಲ್ಲರೂ ಏಳುವ ಮುಂಚೆ, ಉಬ್ಬಸ ಬರುವ ತನಕ ತುಳಿದು, ಮುಂದಿನ ಎರಡೂ ಟೈರಿಗೆ ಗಾಳಿ ತುಂಬಿದ್ದಾರೆ. "ಗಾಳಿ ಕಮ್ಮಿ ಇತ್ತು. ಟೈರಿನ ಮೇಲೇ ಬರ್ದಿದೆಯಲ್ಲ ಮೂವತ್ತೈದು ಅಂತ. ಬೆಟ್ಟದಲ್ಲಿ ಇವನಿಗೇನಾದ್ರೂ..." ಎನ್ನುತ್ತಾರೆ.

ತಮ್ಮ ಅಪ್ಪನನ್ನು ನೋಡುತ್ತಾನೆ, ಬೆನ್ನಿಗಂಟಿದ ಅಂಗಿ ನೋಡುತ್ತಾನೆ. ಮುಷ್ಟಿ ಸಡಿಲುತ್ತದೆ.

"ಇರ್ಲಿ ಬಿಡಕ್ಕಾ, ಹಂಗೇ ಹೋಗ್ತೀವಿ" ಎನ್ನುತ್ತಾನೆ ಮೆಲ್ಲಗೆ. ಅಪ್ಪ ತುಂಬಿದ ಗಾಳಿ ತೆಗೆಯಲು ಅವನಿಗೆ ಮನಸ್ಸಿಲ್ಲ.

"ಇಳ್ಸಿದ್ರೆ ನಾ ಕೂರಲ್ಲ. ಗಾಳಿಯಿಲ್ಲದ ಗಾಡೀಲಿ ಯಾವತ್ತೂ ಕೂತಿಲ್ಲ ನಾನು" ಎನ್ನುತ್ತಾರೆ ಅಪ್ಪ.

ಇಳಿಸಿದರೆ ಅಪ್ಪ ಬರುವುದಿಲ್ಲ. ಇಳಿಸದಿದ್ದರೆ ಇಬ್ಬರೂ ವಾಪಸು ಬಾರದೆ ಇರಬಹುದು. ಗಾಳಿಯಕ್ಕ ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ. ಆಮೇಲೆ ಸೀಮೆಸುಣ್ಣವನ್ನು ಅಪ್ಪನ ಕೈಗಿಡುತ್ತಾಳೆ.

"ಅಪ್ಪಾ, ಬರ್ದಿರೋದು ಟೈರು ತಡ್ಕೊಳ್ಳೋ ಮಿತಿ, ಹಾಕೋ ಅಳತೆ ಅಲ್ಲ. ನಿನ್ನ ಕಾರಿಗೆ ಬಾನೆಟ್ಟಿತ್ತು, ಮಡ್‌ಗಾರ್ಡಿತ್ತು, ಒಳಗೆ ಜನ ಕುರಿಮಂದೆ ಥರ, ತಲೆ ಮೇಲೆ ಟ್ರಂಕು. ಈಗ ಇದ್ರಲ್ಲಿ ಏನಿದೆ? ಇವನು, ನೀನು. ರೇಡಿಯಲ್ಲಿಗೆ ಹೊಟ್ಟೆ ಇರ್ಲೇಬೇಕು. ನಾನು ಇಳಿಸ್ತೀನಿ, ಗೆರೆ ನೀನೆಳಿ. ಅಂಚಿಂದ ಅಂಚಿಗೆ ಅಳಿಸ್ಲಿಲ್ಲ ಅಂದ್ರೆ ನೀ ಹೇಳಿದ್ದೇ ಸರಿ."

ಅಪ್ಪ ಸೀಮೆಸುಣ್ಣ ಹಿಡಿದು ಟೈರಿನ ಪಕ್ಕ ಬಂದು ನಿಲ್ಲುತ್ತಾರೆ. ಅವಳು ಒಂದಾದ ಮೇಲೊಂದು ಮುಂದಿನ ಎರಡೂ ಟೈರಿನ ವಾಲ್ವಿನ ಪಿನ್ನು ಒತ್ತುತ್ತಾಳೆ. ಗಾಳಿ ಬುಸ್ಸೆಂದು ಹೋಗುತ್ತದೆ. ಅಪ್ಪನ ಮುಖ ತಮ್ಮದೇ ಉಸಿರು ಹೋದಂತಾಗುತ್ತದೆ. ಮುಳ್ಳು ಇಪ್ಪತ್ತೆರಡಕ್ಕೆ ನಿಂತಾಗ ಅವರು ಕಷ್ಟಪಟ್ಟು ಬಗ್ಗಿ ಗೆರೆ ಎಳೆಯುತ್ತಾರೆ. ತಮ್ಮ ಕಾರನ್ನು ಮುಂದಿನ ಕಂಬದ ತನಕ ಓಡಿಸುತ್ತಾನೆ. ಅಪ್ಪ ಹಿಂದೆಯೇ ನಡೆಯುತ್ತಾರೆ. ಬಗ್ಗಿ ನೋಡುತ್ತಾರೆ, ಬೆರಳಿಟ್ಟು ಸವರುತ್ತಾರೆ. ಅಂಚಿನಿಂದ ಅಂಚಿಗೆ ಒಂದೇ ಸಮ ಅಳಿಸಿದೆ.

ಅವರು ಹೋಗಿ ಮುಂದಿನ ಸೀಟಿನಲ್ಲಿ ಕೂರುತ್ತಾರೆ. "ಹೊರಡೋ, ನೋಡ್ತಾ ನಿಂತ್ಯಲ್ಲ" ಎನ್ನುತ್ತಾರೆ. ಇದು ಮಗನಿಗೇ ಹೇಳಿದ ಮಾತು.

ಬೆಳಗಿನುದ್ದಕ್ಕೂ ಗಾಳಿಯಕ್ಕ ಪಂಕ್ಚರ್ ಹಾಕುತ್ತಾಳೆ, ಸ್ಕೂಟರಿನ ಟ್ಯೂಬು ಬದಲಾಯಿಸುತ್ತಾಳೆ. ಬೆಟ್ಟದ ಕಡೆಯಿಂದ ಏನು ಸದ್ದು ಬಂದರೂ ಕೈಯ ಮೀಟುಗೋಲು ನಿಲ್ಲುತ್ತದೆ. ಗಂಡ ತಂದಿಟ್ಟ ಟೀ ಆರಿ ಹೋಗುತ್ತದೆ. ಬಿಸಿಲೇರಿದ ಮೇಲೆ ಆ ಎಂಜಿನ್ನಿನ ಗುಡುಗು ಬೀದಿಯ ತುದಿಯಲ್ಲಿ ಕೇಳಿದಾಗಲೂ ಓಡುವುದಿಲ್ಲ. ನಡೆದು ಹೋಗಿ, ಮೊದಲು ಟೈರಿನ ಮೇಲೆ ಅಂಗೈಯಿಡುತ್ತಾಳೆ. ಬೆಚ್ಚಗಿದೆ, ಎಲ್ಲ ಕಡೆ ಒಂದೇ ಸಮ. ಆಮೇಲೆ ತಲೆಯೆತ್ತಿ ಇಬ್ಬರ ಮುಖ ನೋಡುತ್ತಾಳೆ.

ನಿಂಗೀಗ ಏನಾಸೆ ಎಂದು ತಮ್ಮ ಕೇಳಿದರೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾಳೆ. "ಒಂದ್ಸಲ ನಾನೂ ಆ ಸೀಟಲ್ಲಿ ಕೂತು ಬೆಟ್ಟ ಇಳೀಬೇಕು. ಟೈರು ಹೆಂಗೆ ಹಿಡಿಯುತ್ತೆ ಅಂತ ಕೈಗೆ ಗೊತ್ತು, ಮೈಗೂ ಗೊತ್ತಾಗ್ಲಿ."

"ಮುಂದಿನ ಸಲ ನೀನೇ ಹೋಗು. ಅಂಗಡಿ ನಾ ನೋಡ್ಕೋತೀನಿ" ಎನ್ನುತ್ತಾರೆ ಅಪ್ಪ, ಕಾರಿನಿಂದ ಇಳಿಯುತ್ತ.

"ನೋಡ್ಕೋ ಅಪ್ಪಾ. ಬರುವಾಗ ಆ ಪಂಪು ಮಾತ್ರ ಮನೇಲೇ ಇಟ್ಟು ಬಾ."