ನಿಂತಲ್ಲೇ ಓಡಿದ ಗಾಡಿ

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಓದಿದ್ದು ಹತ್ತನೇ ಕ್ಲಾಸು, ಅದನ್ನೂ ಎರಡು ಸಲ. ಆದರೆ ಗಾಡಿ ಹತ್ತಿದವನು ಕನ್ನಡಿ ಸರಿಮಾಡಿಕೊಳ್ಳುವುದಕ್ಕೂ ಮೊದಲು ಸ್ಟಿಯರಿಂಗ್ ಪಕ್ಕದ ಪುಟ್ಟ ಮೀಟರಿನತ್ತ ಬಗ್ಗಿ, ನಾಡಿ ಹಿಡಿದವನ ಹಾಗೆ ಮುಖ ಗಂಟಿಕ್ಕಿಕೊಂಡು ನೋಡುತ್ತಿದ್ದ. "ಏನ್ ಡಾಕ್ಟ್ರೇ, ಪೇಷಂಟ್ ಹೇಗಿದ್ದಾರೆ?" ಎಂದು ಯಾರಾದರೂ ಕಿಚಾಯಿಸಿದರೆ ನಗುತ್ತಿರಲಿಲ್ಲ. ನಗುವುದಕ್ಕೂ ಒಂದಿಷ್ಟು ನಿದ್ದೆ ಬೇಕಲ್ಲ.

ಅವನದು ಹೈಬ್ರಿಡ್ ಗಾಡಿ. ಮುಂದೆ ಪೆಟ್ರೋಲ್ ಎಂಜಿನ್, ಹಿಂದಿನ ಸೀಟಿನಡಿ ದೊಡ್ಡ ಬ್ಯಾಟರಿ. ಇಬ್ಬರು ಓಡಿಸಿ ಸಾಕಾಗಿ ಮಾರಿದ ಮೇಲೆ ಇವನ ಕೈಗೆ ಬಂದದ್ದು. ಬ್ಯಾಟರಿ ಕೈಕೊಟ್ಟರೆ ಮನೆಯ ಒಲೆಯೇ ಆರಿದಂತೆ. ಅದಕ್ಕೇ ಮೆಕ್ಯಾನಿಕ್ ಆಗಿದ್ದ ಭಾಮೈದ ಈ ಮೀಟರ್ ತಂದು, ಡ್ಯಾಶ್‌ಬೋರ್ಡಿನ ಅಡಿಯ ಸಾಕೆಟ್ಟಿಗೆ ಸಿಕ್ಕಿಸಿ ಕೊಟ್ಟಿದ್ದ. ಬ್ಯಾಟರಿಯ ಬಿಸಿ, ಉಳಿದ ಚಾರ್ಜು, ಸುಟ್ಟ ಪೆಟ್ರೋಲು, ಓಡಿದ ದೂರ, ಗಾಡಿ ಚಾಲೂ ಇದ್ದ ಹೊತ್ತು, ಎಲ್ಲವೂ ಹಸಿರು ಅಂಕಿಗಳಲ್ಲಿ ಕಾಣುತ್ತಿತ್ತು. ಗುಂಡಿಯೊಂದನ್ನು ಒತ್ತಿದರೆ ದಿನದ ಲೆಕ್ಕ ಸೊನ್ನೆಯಾಗಿ ಮತ್ತೆ ಮೊದಲಿಂದ ಶುರುವಾಗುತ್ತಿತ್ತು.

ಒಂದೇ ಗಾಡಿಗೆ ಇಬ್ಬರು ಡ್ರೈವರು: ರಾತ್ರಿ ಇವನು, ಹಗಲು ಹೆಂಡತಿ. ಅವಳು ಕೆಲಸಕ್ಕಿದ್ದ ಪ್ಯಾಕಿಂಗ್ ಕಂಪನಿ ಬಾಗಿಲು ಹಾಕಿದ ಮೇಲೆ ಇವನೇ ಅವಳಿಗೆ ಡ್ರೈವಿಂಗ್ ಕಲಿಸಿದ. ಕಲಿಸುವಾಗ ಆದಷ್ಟು ಜಗಳ ಅದುವರೆಗಿನ ಸಂಸಾರದಲ್ಲಿ ಆಗಿರಲಿಲ್ಲ. ಕಲಿತ ಮೇಲೆ ಜಗಳಕ್ಕೂ ಪುರುಸೊತ್ತಿಲ್ಲ. ಬೆಳಗ್ಗೆ ಮೆಟ್ಟಿಲ ಬುಡದಲ್ಲಿ ಅವನು ಕೀ ಕೊಡಬೇಕು, ಸಂಜೆ ಅಲ್ಲೇ ನಿಂತು ಅವಳು ಕೊಡಬೇಕು. "ಊಟ ಮುಚ್ಚಿಟ್ಟಿದೀನಿ ರೀ." "ಎಡಗಡೆ ಟೈರಿಗೆ ಗಾಳಿ ಹಾಕಿಸು." ದಾಂಪತ್ಯವೆಂದರೆ ಇಷ್ಟೇ ಆಗಿತ್ತು. ಕೀ ಇಸಕೊಂಡವರು ಮೊದಲು ಮೀಟರಿನಲ್ಲಿ ಇನ್ನೊಬ್ಬರ ಅಂಕಿಗಳನ್ನು ನೋಡಿ, ಆಮೇಲೆ ಗುಂಡಿ ಒತ್ತಿ ತಮ್ಮ ಪಾಳಿ ಶುರು ಮಾಡಬೇಕೆಂಬ ನಿಯಮವನ್ನು ಡಾಕ್ಟರೇ ಮಾಡಿದ್ದ. ಬ್ಯಾಟರಿಯ ಆರೋಗ್ಯಕ್ಕಾಗಿ ಮಾಡಿದ್ದು, ಬೇರೆ ದುರುದ್ದೇಶವೇನೂ ಇರಲಿಲ್ಲ.

ಒಂದು ಸಂಜೆ ಅಂಕಿಗಳು ತಾಳೆಯಾಗಲಿಲ್ಲ. ಗಾಡಿ ಹಗಲೆಲ್ಲ ಚಾಲೂ ಇದೆ, ಓಡಿದ್ದು ಮಾತ್ರ ಕೊಂಚ. ಟ್ರಾಫಿಕ್ ಇರಬೇಕು ಎಂದುಕೊಂಡ. ಮರುದಿನವೂ ಹಾಗೇ ಇತ್ತು, ಅದರ ಮರುದಿನವೂ. ಗಾಡಿ ಎಲ್ಲೋ ಒಂದು ಕಡೆ ತಾಸುಗಟ್ಟಲೆ ಸುಮ್ಮನೆ ನಿಲ್ಲುತ್ತಿದೆ.

ಭಾಮೈದನ ಶೆಡ್ಡಿಗೆ ಹೋಗಿ, ಯಾರದೋ ಗಾಡಿಯ ವಿಷಯವೆಂಬಂತೆ ಕೇಳಿದ.

"ಅದರಲ್ಲೇನಿದೆ ಭಾವ?" ಎಂದ ಭಾಮೈದ, ಕಾರಿನಡಿಯಿಂದ ತಲೆಯನ್ನೂ ಹೊರಹಾಕದೆ. "ಎಸಿ ಹಾಕ್ಕೊಂಡು ಒಳಗೆ ಯಾರೋ ಕೂತಿರ್ತಾರೆ. ಚಾರ್ಜ್ ಇಳಿದಾಗ ಎಂಜಿನ್ ತಾನೇ ಆನ್ ಆಗುತ್ತೆ, ತುಂಬಿದ ಮೇಲೆ ಆಫ್ ಆಗುತ್ತೆ. ಬ್ಯಾಟರಿಗೇನೂ ಆಗಲ್ಲ ಬಿಡಿ."

ಬ್ಯಾಟರಿಗೇನೂ ಆಗುವುದಿಲ್ಲ, ಸರಿ. ಡಾಕ್ಟರಿಗೆ ಮಾತ್ರ ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು. ಮೊದಲೆಲ್ಲ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದವಳು ಈಚೆಗೆ ಬರುವುದನ್ನೂ ಬಿಟ್ಟಿದ್ದಳು. ಯಾಕೆಂದು ಕೇಳಿದ್ದಕ್ಕೆ, "ಹೊರಗೇ ಏನೋ ತಿನ್ಕೋತೀನಿ" ಎಂದು ಕೀ ಕೈಗಿಟ್ಟು ಮೆಟ್ಟಿಲು ಹತ್ತಿದ್ದಳು. ಜೊತೆಗೆ ಯಾರಾದರೂ ಇರುತ್ತಾರಾ ಎಂದು ನೇರವಾಗಿ ಕೇಳಿಬಿಡಬಹುದಿತ್ತು. ಕೇಳಿದ ಮೇಲೆ ಅವಳು ಹೌದು ಎಂದುಬಿಟ್ಟರೆ? ಗಾಡಿ ಹೋದರೆ ಇನ್ನೊಂದು ಗಾಡಿ ಹೇಗೋ ಆದೀತು. ಇವಳು ಹೋದರೆ ಸಂಜೆ ಆ ಮೆಟ್ಟಿಲ ಬುಡದಲ್ಲಿ ಯಾರಿಗಾಗಿ ನಿಲ್ಲುವುದು ಎಂದು ಯೋಚಿಸಿ ಹೆದರಿಬಿಟ್ಟ. ಹಗಲು ನಿದ್ದೆ ಹಾರಿಹೋಯಿತು. ರಾತ್ರಿ ಕೆಂಪು ದೀಪ ಬಿದ್ದಲ್ಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಹಾಸಿಗೆಯಲ್ಲಿ ಹೊರಳಿ ಹೊರಳಿ ಸಾಕಾಗಿ ಎದ್ದ. ಸ್ಟ್ಯಾಂಡಿಗೇ ಹೋಗಿ ವಿಚಾರಿಸುವುದು, ಮಾನ ಹೋದರೆ ಹೋಗಲಿ ಎಂದು ಅಂಗಿ ತೊಟ್ಟ. ಮುಂದಿನ ಬೀದಿಯಲ್ಲಿ ಪರಿಚಯದವರ ಕಾಟವೆಂದು ಕಟ್ಟಡದ ಹಿಂಬದಿಯ ಓಣಿಗಿಳಿದ. ಅಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಅವನದೇ ಗಾಡಿ ನಿಂತಿತ್ತು.

ಗಾಜುಗಳೆಲ್ಲ ಮೇಲೇರಿದ್ದವು. ಒಳಗೆ ತಲೆ ಕಾಣಲಿಲ್ಲ. ನೋಡುತ್ತಿದ್ದಂತೆ ಎಂಜಿನ್ ತಾನಾಗಿ ಗುರ್ ಎಂದಿತು. ಡಾಕ್ಟರ್ ಗೋಡೆ ಹಿಡಿದುಕೊಂಡ. ಮನೆಯ ಹಿಂದೆಯೇ! ಗಂಡ ಮೇಲೆ ಮಲಗಿರುವಾಗಲೇ! ಕಾಲು ಹಿಂದಕ್ಕೆ ಎಳೆಯುತ್ತಿತ್ತು, ಸಿಟ್ಟು ಮುಂದಕ್ಕೆ ತಳ್ಳುತ್ತಿತ್ತು. ಹೋಗಿ ಗಾಜಿಗೆ ಮುಖ ಒತ್ತಿ ನೋಡಿದ.

ಡ್ರೈವರ್ ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿಕೊಂಡು ಅವಳೊಬ್ಬಳೇ ಮಲಗಿದ್ದಳು. ಬಾಯಿ ತೆರೆದಿತ್ತು. ಚಪ್ಪಲಿ ಬಿಟ್ಟ ಪಾದಗಳು ಊದಿಕೊಂಡಿದ್ದವು. ಪಕ್ಕದ ಸೀಟಿನಲ್ಲಿ ಅರ್ಧ ತಿಂದ ಬನ್ನು ಇತ್ತು.

ಬಾಗಿಲು ತಟ್ಟಿದ. ಅವಳು ಬೆಚ್ಚಿ ಎದ್ದು ಲಾಕ್ ತೆಗೆದಳು. ಅವನು ಆ ಕಡೆಯಿಂದ ಬಂದು, ಬನ್ನು ಎತ್ತಿಟ್ಟು, ಪಕ್ಕದಲ್ಲಿ ಕೂತ.

"ಏನಾಯ್ತು ರೀ? ಮೈ ಹುಷಾರಿಲ್ವಾ? ಯಾಕೆ ಎದ್ರಿ?"

"ಇಲ್ಯಾಕೆ ಮಲಗಿದೀಯಾ? ಮನೆ ಇಲ್ವಾ ನಿಂಗೆ?"

"ಮೇಲೆ ಬಂದ್ರೆ ನೀವು ಏಳ್ತೀರಾ. ಇರುವೆ ಓಡಾಡಿದ್ರೂ ನಿಮಗೆ ಎಚ್ಚರ ಆಗುತ್ತೆ. ಅವತ್ತು ಲೋಟ ಬಿತ್ತು ಅಂತ ಎಷ್ಟು ಕೂಗಾಡಿದ್ರಿ ನೆನಪಿದೆಯಾ? ರಾತ್ರಿಯೆಲ್ಲ ಗಾಡಿ ಓಡಿಸೋರು, ನಿದ್ದೆಗೆಟ್ಟರೆ ಎಲ್ಲಾದ್ರೂ ಗುದ್ದಿಬಿಡ್ತೀರಾ ಅಂತ ನಾನೇ ಬರೋದು ಬಿಟ್ಟೆ. ನಂಗೂ ಬೆಳಗ್ಗೆ ಬೇಗ ಏಳಬೇಕಲ್ಲ, ಮಧ್ಯಾಹ್ನ ಆದ್ರೆ ಕಣ್ಣು ಎಳೆಯುತ್ತೆ."

"ಒಂದು ಮಾತು ಹೇಳಬಾರದಾ?"

"ಹೇಳೋದೇನು? ಮೀಟರ್‌ನಲ್ಲಿ ಇದೆಯಲ್ಲ. ಮುಚ್ಚಿಡೋದಾಗಿದ್ರೆ ಸೊನ್ನೆ ಮಾಡಿ ಕೊಡ್ತಿರ್ಲಿಲ್ವಾ? ನೋಡಿರ್ತೀರಾ, ತಿಳ್ಕೊಂಡಿರ್ತೀರಾ ಅಂದ್ಕೊಂಡೆ." ಆಕಳಿಸಿದಳು. "ಹೋದ ವಾರ ನಿಮ್ಮ ಪಾಳೀಲೂ ಗಾಡಿ ಬಹಳ ಹೊತ್ತು ನಿಂತಿತ್ತು. ಬಾಡಿಗೆ ಸಿಗಲಿಲ್ಲ ಅಂದ್ರಿ. ನಂಗೆ ಗೊತ್ತಾಯ್ತು. ಸದ್ಯ, ಎಲ್ಲೋ ಒಂದಿಷ್ಟು ಮಲಗಿದ್ರಲ್ಲ ಅಂತ ಸಮಾಧಾನ ಆಯ್ತು."

ನಿಜವೇ. ರೈಲ್ವೆ ಸ್ಟೇಷನ್ನಿನ ಗೋಡೆ ಪಕ್ಕ ಗಾಡಿ ನಿಲ್ಲಿಸಿ ಕೊರಡಿನಂತೆ ಮಲಗಿಬಿಟ್ಟಿದ್ದ. ಹೇಳಿಕೊಳ್ಳಲು ನಾಚಿಕೆಯಾಗಿ ಸುಳ್ಳು ಹೇಳಿದ್ದ. ಅವಳು ಅಂಥವೇ ಅಂಕಿಗಳನ್ನು ನೋಡಿ, ಗಂಡ ಮಲಗಿದ್ದಾನೆ ಎಂದಷ್ಟೇ ಅಂದುಕೊಂಡಿದ್ದಳು.

"ನೀವೇನಂದ್ಕೊಂಡ್ರಿ ನನ್ನ ಅಂಕಿ ನೋಡಿ?" ಎಂದು ಕೇಳಿದಳು. ಸುಮ್ಮನೆ ಕೇಳಿದ್ದಷ್ಟೆ, ಮಾತಿನಲ್ಲಿ ಕೊಂಕಿರಲಿಲ್ಲ.

ಡಾಕ್ಟರ್ ಮೀಟರಿನತ್ತ ಕಣ್ಣು ತಿರುಗಿಸಿದ. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದ.

"ಬ್ಯಾಟರಿ ಕೆಟ್ಟಿದೆ ಅಂದ್ಕೊಂಡೆ" ಎಂದ.

"ಅಯ್ಯೋ, ಅದಕ್ಕಾ ನಿದ್ದೆಗೆಟ್ಟಿದ್ದು? ನನ್ನನ್ನೇ ಕೇಳಬಾರದಿತ್ತಾ?" ಎಂದು ಅವಳು ಮರುಕಪಟ್ಟಳು. ಪೂರ್ತಿ ನಂಬಿದ್ದಳು. "ಹೋಗಿ, ಮಲ್ಕೊಳ್ಳಿ. ಸಂಜೆ ನಾನೇ ಎಬ್ಬಿಸ್ತೀನಿ."

ಕಣ್ಣು ಮುಚ್ಚಿದ ಕೂಡಲೇ ಅವಳಿಗೆ ನಿದ್ದೆ ಹತ್ತಿತು. ಬಾಗಿಲು ತೆಗೆದರೆ ಎಚ್ಚರವಾದಾಳು ಎಂದು ಡಾಕ್ಟರ್ ಅಲ್ಲೇ ಕೂತ, ಮಿಸುಕಾಡದೆ, ಅವಳ ಮುಖ ನೋಡುವ ಧೈರ್ಯವಿಲ್ಲದೆ.