ಕಾರ್ಕಳದ ಹಿಂದಿನ ಕೋಣೆ

ಇವತ್ತು ಬೆಳಿಗ್ಗೆ ಕಾಪು ಪೇಟೆಯ ಪಾತ್ರೆ ಅಂಗಡಿಯಲ್ಲಿ ದೊಡ್ಡದೊಂದು ಫ್ಲಾಸ್ಕ್ ಕೇಳಿದೆ. ಅಂಗಡಿಯವರು ಅದರ ಧೂಳು ಒರೆಸುತ್ತಾ, "ಎಂತ ಟೈಲರೇ, ಮನೆಯಲ್ಲಿ ಕಾರ್ಯಕ್ರಮ ಉಂಟಾ?" ಎಂದರು. "ಇಲ್ಲ, ಒಂದು ಮೀಟಿಂಗ್ ಉಂಟು" ಎಂದೆ. ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ನನಗೇ ಮೈ ಜುಮ್ಮೆಂದಿತು ನೋಡಿ. ಆರು ವರ್ಷಗಳ ಹಿಂದೆ ಅದೇ ಮಾತು ಬಾಯಿಂದ ಹೊರಡಲು ನಾನು ಎರಡು ಬಸ್ಸು ಹತ್ತಬೇಕಾಗಿತ್ತು.

ಆಗ ನಾನು ಕುಡಿಯುತ್ತಿದ್ದೆ. ಎಷ್ಟು ಎಂದು ಕೇಳಬೇಡಿ. ನಾನು ಹೇಳುತ್ತಿದ್ದ ಉತ್ತರವನ್ನು ನಾನೇ ನಂಬುತ್ತಿರಲಿಲ್ಲ. ಬೆಳಗಾದರೆ ಕೈ ನಡುಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಹೆಂಡತಿ ಸುಜಾತ ಅಂಗನವಾಡಿಯ ಕೆಲಸಕ್ಕೆ ಹೊರಡುವ ಮೊದಲು ಹತ್ತು ಸೂಜಿಗಳಿಗೆ ದಾರ ಪೋಣಿಸಿ, ಸ್ಪಂಜಿನ ತುಂಡಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದಳು. "ಎಂತ ಶಿಸ್ತು ಮಾರಾಯ್ರೆ ನಿಮ್ಮದು!" ಎಂದು ಗಿರಾಕಿಗಳು ಹೊಗಳಿದರೆ ನಾನು ನಾಚಿಕೆಯಿಲ್ಲದೆ ತಲೆಯಾಡಿಸುತ್ತಿದ್ದೆ.

ಒಂದು ದಿನ ಮದುಮಗಳೊಬ್ಬಳ ರವಿಕೆಯ ಬಟ್ಟೆ ಕತ್ತರಿಸಿದೆ. ಎರಡೂ ತೋಳುಗಳು ಎಡಗೈಯವು. ಸುಜಾತ ಬೈಯಲಿಲ್ಲ. ಸ್ಪಂಜಿನ ತುಂಡನ್ನು ನನ್ನೆದುರು ಇಟ್ಟು, "ನಾಳೆಯಿಂದ ನಾನು ದಾರ ಪೋಣಿಸುವುದಿಲ್ಲ" ಎಂದಳು. ಆಮೇಲೆ ಪರ್ಸಿನಿಂದ ಒಂದು ಚೀಟಿ ತೆಗೆದಳು. ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ಎಲ್ಲೆಲ್ಲಿ ಸೇರುತ್ತಾರೆಂದು ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಬರೆದುಕೊಟ್ಟದ್ದು. ಎಷ್ಟು ತಿಂಗಳಿಂದ ಅದನ್ನು ಇಟ್ಟುಕೊಂಡಿದ್ದಳೋ, ಮಡಿಕೆಗಳೆಲ್ಲ ಸವೆದುಹೋಗಿದ್ದವು.

ಉಡುಪಿ ಹತ್ತಿರ. ಆದರೆ ಅಲ್ಲಿ ಪರಿಚಯದವರು ಸಿಕ್ಕಿದರೆ? ಕಾರ್ಕಳವೇ ಆಗಬಹುದು ಎಂದೆ. ಕುಡಿದು ರಸ್ತೆಯಲ್ಲಿ ಬಿದ್ದಾಗ ಇಲ್ಲದ ಮಾನ, ಬಿಡಲು ಹೊರಟಾಗ ಎಲ್ಲಿಂದಲೋ ಬಂದುಬಿಟ್ಟಿತ್ತು! ಆದಿತ್ಯವಾರ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದೆ. ನಿಟ್ಟೆಯಲ್ಲಿ ಬಸ್ಸು ನಿಂತಾಗ ಇಳಿದು ಹಿಂದೆ ಹೋಗೋಣ ಎನ್ನಿಸಿತು. ಹತ್ತುವ ಹಾಸ್ಟೆಲ್ ಮಕ್ಕಳು ಬಾಗಿಲು ತುಂಬಿದ್ದರಿಂದ ಇಳಿಯಲಾಗಲಿಲ್ಲ.

ಚೀಟಿಯಲ್ಲಿದ್ದ ಶಾಲೆ ಸಿಕ್ಕಿತು. ಮುಂದಿನ ಕೋಣೆಯಲ್ಲಿ ಸಭೆ ನಡೆಯುತ್ತಿತ್ತು, ಹೋಗಿ ಕೂತೆ. "ಮೊದಮೊದಲು ಭಯವಾಗುತ್ತದೆ. ಕೈ ನಡುಗುತ್ತದೆ. ತಾಳ್ಮೆ ಬೇಕು" ಎಂದು ಒಬ್ಬರು ಹೇಳುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. ಪಕ್ಕದವರು ಬಗ್ಗಿ, "ನಿಮ್ಮದು ಎಷ್ಟು?" ಎಂದರು. ಸುಳ್ಳು ಹೇಳಬಾರದೆಂದು ಧೈರ್ಯ ಮಾಡಿ, "ನಿನ್ನೆ ಮೂರು ಕ್ವಾರ್ಟರ್" ಎಂದೆ. ಅವರು ಕೇಳಿದ್ದು ಜೇನುಪೆಟ್ಟಿಗೆಗಳ ಲೆಕ್ಕ. ಅದು ಜೇನು ಸಾಕುವವರ ಸಭೆ. ಆ ಪುಣ್ಯಾತ್ಮರು ನಗಲಿಲ್ಲ. "ಅದು ಹಿಂದಿನ ಕೋಣೆ. ಬೇಗ ಹೋಗಿ, ಈಗಷ್ಟೇ ಶುರುವಾಗಿರಬೇಕು" ಎಂದರು, ಮೆಲ್ಲಗೆ.

ಹಿಂದಿನ ಕೋಣೆಯಿಂದ ನಗು ಕೇಳಿಸುತ್ತಿತ್ತು. ಇಲ್ಲಿಯೂ ತಪ್ಪಿತು ಎಂದುಕೊಂಡು ಇಣುಕಿದೆ. ಎಂಟೊಂಬತ್ತು ಮಂದಿ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ಅವರ ನಡುವೆ, ನಾನೇ ಹೊಲಿದ ಬಿಳಿ ಅಂಗಿಯಲ್ಲಿ, ಮಾಷ್ಟ್ರು! ಕಾಪುವಿನಲ್ಲಿ ನಮ್ಮಿಂದ ಮೂರನೆಯ ಮನೆಯವರು, ನಿವೃತ್ತ ಲೆಕ್ಕದ ಮಾಷ್ಟ್ರು. "ಅವರನ್ನು ನೋಡಿಯಾದರೂ ಕಲಿಯಬಾರದಾ?" ಎಂದು ಸುಜಾತ ದಿನಾ ಹೇಳುತ್ತಿದ್ದದ್ದು ಇವರನ್ನೇ. ಆದಿತ್ಯವಾರ ಕಾರ್ಕಳದಲ್ಲಿ ಟ್ಯೂಷನ್ ಉಂಟೆಂದು ಊರಿಗೆಲ್ಲ ಹೇಳಿಕೊಂಡಿದ್ದರು.

ಓಡಬೇಕೆಂದು ತಿರುಗಿದೆ.

"ಬಾ ಮಾರಾಯ, ಕೂತುಕೋ" ಎಂದರು ಮಾಷ್ಟ್ರು. "ಊರಿನವರು ಯಾರೂ ನೋಡಬಾರದೆಂದು ಒಂಬತ್ತು ವರ್ಷದಿಂದ ಇಷ್ಟು ದೂರ ಬರುತ್ತಿದ್ದೇನೆ. ಇವತ್ತು ಸಿಕ್ಕಿಬಿದ್ದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಷ್ಟೋ ದಿನಗಳ ಮೇಲೆ. ನನ್ನ ಸರದಿ ಬಂದಾಗ ಕುಡುಕ ಎಂದು ಹೇಳಿಕೊಳ್ಳಲು ಆಗಲಿಲ್ಲ. "ನನಗೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ" ಎಂದಷ್ಟೇ ಹೇಳಿದೆ. ಯಾರೂ ಬುದ್ಧಿ ಹೇಳಲಿಲ್ಲ. ಮಲ್ಪೆಯ ಬೋಟಿನವರೊಬ್ಬರು, "ನನಗೆ ಗಂಜಿಯ ಚಮಚ ಬಾಯಿಗೆ ಮುಟ್ಟುತ್ತಿರಲಿಲ್ಲ" ಎಂದರು. ಎದೆಯ ಮೇಲೆ ಕೂತಿದ್ದವನು ಯಾರೋ ಎದ್ದು ಹೋದಂತಾಯಿತು. ಹಿಂದಿರುಗುವಾಗ ಮಾಷ್ಟ್ರ ಪಕ್ಕದಲ್ಲಿ ಕೂತು ಪಡುಬಿದ್ರಿಯವರೆಗೂ ನಿಲ್ಲಿಸದೆ ಮಾತಾಡಿದೆ. "ಸ್ವಲ್ಪ ಉಸಿರು ತೆಗೆದುಕೋ" ಎಂದರು ಅವರು.

ಅಲ್ಲಿಗೇ ಎಲ್ಲ ಸರಿಹೋಯಿತೆಂದರೆ ಸುಳ್ಳಾದೀತು. ಮೂರನೆಯ ತಿಂಗಳಲ್ಲಿ ಒಮ್ಮೆ ಜಾರಿದೆ. ಮಾಷ್ಟ್ರು ಮನೆಗೇ ಬಂದು, "ಈ ವಾರ ಒಟ್ಟಿಗೇ ಹೋಗುವ" ಎಂದರು, ಅಷ್ಟೆ. ಅಂದಿನಿಂದ ಜಾರಿಲ್ಲ. ಇದನ್ನೆಲ್ಲ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಕಾಪುವಿನಲ್ಲೇ ಯಾಕಾಗಬಾರದು ಎಂದು ಈ ವರ್ಷ ನಮ್ಮಿಬ್ಬರಿಗೂ ಅನ್ನಿಸಿತು. ಇವತ್ತು ಸಂಜೆ ಐದಕ್ಕೆ, ಪೇಟೆಯ ಒಂದು ಮಾಳಿಗೆಯ ಕೋಣೆಯಲ್ಲಿ, ಮೊದಲ ಸಭೆ. ಮಾಷ್ಟ್ರು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆದರು, ನಾನು ಹನ್ನೆರಡು ಕುರ್ಚಿ ಹಾಕಿದೆ. ಮದುವೆ ಮನೆಯವರ ಹಾಗೆ ಇಬ್ಬರೂ ಬಾಗಿಲಿಗೂ ಕಿಟಕಿಗೂ ಓಡಾಡಿದೆವು. ಐದೂಕಾಲಾಯಿತು. ಯಾರೂ ಇಲ್ಲ. "ಇಬ್ಬರಿದ್ದರೂ ಸಭೆಯೇ" ಎಂದು ಮಾಷ್ಟ್ರು ಗಂಟಲು ಸರಿಪಡಿಸಿಕೊಂಡರು.

ಆಗ ಮೆಟ್ಟಿಲಲ್ಲಿ ಸದ್ದಾಯಿತು. ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು.

"ಹೆಂಗಸರು ಬರಬಹುದಾ?" ಎಂದರು. ಆಮೇಲೆ, "ಗಂಡನಿಗೆ ಅಲ್ಲ. ನನಗೇ."

ಜೀವಮಾನವಿಡೀ ಪಾಠ ಹೇಳಿದ ಮಾಷ್ಟ್ರು ಗಡಿಬಿಡಿಯಲ್ಲಿ "ಬನ್ನಿ, ಬನ್ನಿ" ಎಂದರು. ನಾನು ಎದ್ದು ಕುರ್ಚಿ ಸರಿಸಿದೆ. ಅವರು ಕೂತ ಮೇಲೆ, ಯಾರಾದರೂ ನೋಡಿಯಾರು ಎಂದು, "ಬಾಗಿಲು ಮುಚ್ಚಬೇಕಾ ಅಕ್ಕಾ?" ಎಂದು ಕೇಳಿದೆ.

ಅವರು ಬಾಗಿಲ ಕಡೆ ನೋಡಿದರು.

"ಬೇಡ, ತೆರೆದೇ ಇರಲಿ" ಎಂದರು. "ಕೆಳಗೆ ಇನ್ನೊಬ್ಬರು ನಿಂತಿದ್ದಾರೆ."