ಕಮಲಾಪುರದ ಬಸ್ಸಿನ ಇಂಗ್ಲಿಷು

ಈಗ ನಾನು ಇಂಗ್ಲಿಷ್ ಮಾತಾಡುವಾಗ ಪದಗಳು ತಮ್ಮ ತಮ್ಮ ಜಾಗದಲ್ಲಿ ತಾವೇ ಹೋಗಿ ಕೂರುತ್ತವೆ. ಆದರೆ ಕಮಲಾಪುರದಿಂದ ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ ಅಕ್ಕನೂ ನಾನೂ ಆಡುತ್ತಿದ್ದ ಇಂಗ್ಲಿಷಿನ ಸುಖ ಇದರಲ್ಲಿಲ್ಲ.

ಕಾಲೇಜಿಗೆ ಹೋಗುವಾಗ ಕಿಟಕಿಯಾಚೆ ಕಬ್ಬಿನ ಗದ್ದೆ ಕಂಡಿತೆಂದರೆ ಕನ್ನಡ ಬಂದ್. ಅದು ಅಕ್ಕ ಮಾಡಿದ ಕಾನೂನು. ಪದಗಳು ಇಂಗ್ಲಿಷಿನವು, ಅವು ನಿಲ್ಲುವ ಸಾಲು ಮಾತ್ರ ನಮ್ಮ ಮನೆಯದು. "ಯೂ ನಾಷ್ಟಾ ಈಟಿಂಗ್ ಫಿನಿಶ್?" ಎಂದು ಅವಳು ಕೇಳಿದರೆ, "ಐ ಮಂಡಕ್ಕಿ ಫುಲ್ ಈಟಿಂಗ್ ಫಿನಿಶ್" ಎನ್ನುತ್ತಿದ್ದೆ. ಕಂಡಕ್ಟರ್ ನಗುತ್ತಿದ್ದ. ನಕ್ಕರೆ ನಗಲಿ, ಅವನಿಗೇನು ಗೊತ್ತು ಎಂದು ಮುಖ ತಿರುಗಿಸುತ್ತಿದ್ದೆ.

ಅಕ್ಕನಿಗೆ ಅದು ಬರೀ ಆಟವಾಗಿರಲಿಲ್ಲ. ಕಂಪ್ಲಿಯ ಒಂದು ಮನೆಯವರು ಅವಳನ್ನು ನೋಡಿ ಒಪ್ಪಿದ್ದರು. ಹೊಸಪೇಟೆಯ ಹೋಟೆಲೊಂದರಲ್ಲಿ ರಿಸೆಪ್ಷನ್ ಕೆಲಸ ಸಿಕ್ಕರೆ ಮದುವೆ ಮುಂದೂಡುತ್ತೇನೆ, ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ತಾಳಿ ಕಟ್ಟಿಸಿಕೊಳ್ಳಬೇಕು ಎಂದಿದ್ದರು ಅಪ್ಪ. ಅವಳಿಗಿಂತ ನನಗೇ ಹೆಚ್ಚು ಭಯ. ಅವಳು ಹೋದರೆ ಬಸ್ಸಿನಲ್ಲಿ ಯಾರ ಜತೆ ಮಾತಾಡಲಿ?

ಇಂಟರ್‌ವ್ಯೂ ದಿನ ಬಾಯಿಪಾಠ ಮಾಡಿದ್ದೆಲ್ಲ ಕೈಕೊಟ್ಟಿತಂತೆ. ಹಂಪಿ ಸುತ್ತಿ ದಣಿದು ಬಂದವರಿಗೆ ಮೊದಲು ಏನು ಹೇಳುತ್ತೀರಿ ಎಂದು ಮ್ಯಾನೇಜರ್ ಕೇಳಿದ್ದಾರೆ. ಅಕ್ಕನಿಗೆ ನೆನಪಾದದ್ದು ನಮ್ಮ ಪಡಸಾಲೆ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆಯೇ ಯಾವೂರು ಎಂದು ಕೇಳುವುದು ನಮ್ಮಲ್ಲಿನ ಪದ್ಧತಿ. "ಸರ್, ಫಸ್ಟ್ ಚೇರ್ ಸಿಟ್. ವಾಟರ್ ಡ್ರಿಂಕ್. ಆಫ್ಟರ್ ನೇಮ್ ಟೆಲ್" ಎಂದಳಂತೆ. ಅವರು ನಕ್ಕು, ಇಂಗ್ಲಿಷನ್ನು ನಾವು ಕಲಿಸುತ್ತೇವೆ, ಸೋಮವಾರದಿಂದ ಬನ್ನಿ ಎಂದರಂತೆ.

ತಿಂಗಳೊಪ್ಪತ್ತಿನ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಹೋಟೆಲಿಗೆ ಹೋದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಹೊರಗೇ ನಿಂತರು. ಒಳಗೆ ಅಕ್ಕ ಪರದೇಶದ ದಂಪತಿಗೆ ತಡವರಿಸದೆ ದಾರಿ ಹೇಳುತ್ತಿದ್ದಳು. ಅವಳ ಪದಗಳೆಲ್ಲ ಸಾಲು ಬದಲಿಸಿಬಿಟ್ಟಿದ್ದವು. ಹೆಮ್ಮೆಯಾಯಿತು, ನಿಜ. ಆದರೆ ನಮ್ಮಿಬ್ಬರ ಇಂಗ್ಲಿಷು ಹೋಯಿತಲ್ಲ ಎಂದು ಅಳುವೂ ಬಂತು.

ಅಪ್ಪನನ್ನು ಕಂಡವಳೇ ಹೊರಗೆ ಬಂದಳು. "ಬಾ ಅಪ್ಪಾ, ಮೊದ್ಲು ಕುಂದ್ರು. ನೀರು ಕುಡಿ."

ಅಪ್ಪ ಒಳಗೆ ಬಂದು ಕೂತರು. ಅವಳು ತಂದುಕೊಟ್ಟ ಲೋಟದ ನೀರನ್ನೆಲ್ಲ ಕುಡಿದರು.

"ಕಂಪ್ಲಿಯವ್ರಿಗೆ ಬ್ಯಾಡ ಅಂತ ಹೇಳಿ ಬಂದೀನವ್ವಾ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. "ಈವ್ನಿಂಗ್ ಬಸ್, ಟುಗೆದರ್ ಹೋಮ್ ಗೋಯಿಂಗ್" ಎಂದಳು.